ತೂಕ ಇಳಿಸುತ್ತಲೇ ಮಾಂಸಖಂಡ ಬೆಳೆಸಬಹುದಾ?

ಹುಣಸೂರು, ಕೆ.ಆರ್. ನಗರದ ಜಿಮ್ಮಿಗಾದರೂ ಹೋಗಿ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಮನೆಯಂಗಳದಲ್ಲೇ ದಂಡ-ಬಸ್ಕಿ ಹೊಡೀರಿ, ಉತ್ತರ ಒಂದೇ: ಹೌದು, ಸಾಧ್ಯ. ಹೊಸದಾಗಿ ಶುರುಮಾಡುವವರಿಗೆ, ಮೈಯಲ್ಲಿ ಕೊಬ್ಬು ಹೆಚ್ಚಿರುವವರಿಗೆ ಇನ್ನೂ ಸುಲಭ.

ಹೇಗೆ? ಊಟದ ಕ್ಯಾಲೊರಿ ಕಡಿಮೆಯಾದರೆ ದೇಹ ಕೊಬ್ಬು ಕರಗಿಸಿ ಶಕ್ತಿ ಪಡೆಯುತ್ತೆ. ಖಂಡ ಕಟ್ಟಲು ಬೇಕಿರುವುದು ಹಂತಹಂತವಾಗಿ ಭಾರ ಹೆಚ್ಚಿಸುವ ವ್ಯಾಯಾಮ ಮತ್ತು ಪ್ರೋಟೀನ್. ಬರೀ ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಖಂಡವೂ ಹೋಗುತ್ತೆ.

ಪುರಾವೆ ಏನು? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ 40 ಯುವಕರು 4 ವಾರ ಕ್ಯಾಲೊರಿ ಶೇ. 40ರಷ್ಟು ಇಳಿಸಿ ಕಠಿಣ ವ್ಯಾಯಾಮ ಮಾಡಿದರು. ದೇಹತೂಕದ ಪ್ರತಿ ಕೆಜಿಗೆ 2.4 ಗ್ರಾಂ ಪ್ರೋಟೀನ್ ತಿಂದವರು ಸರಾಸರಿ 4.8 ಕೆಜಿ ಕೊಬ್ಬು ಕಳೆದುಕೊಂಡು, 1.2 ಕೆಜಿ ಕೊಬ್ಬುರಹಿತ ತೂಕ ಗಳಿಸಿದರು. 1.2 ಗ್ರಾಂ ತಿಂದವರಲ್ಲಿ ಆ ಗಳಿಕೆ ಬರೀ 0.1 ಕೆಜಿ.

ನಮ್ಮ ತಟ್ಟೆಯ ಲೆಕ್ಕ: ಐಸಿಎಂಆರ್ ಶಿಫಾರಸು ಕೆಜಿಗೆ 0.83 ಗ್ರಾಂ. ಅಂದರೆ 60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಖಂಡ ಬೆಳೆಸಲು 1.6 ಗ್ರಾಂ ಹಿಡಿದರೆ 96 ಗ್ರಾಂ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸಿಗುವುದು ಸುಮಾರು 7 ಗ್ರಾಂ, ಅಷ್ಟೇ ಒಣ ಹುರುಳಿಯಲ್ಲಿ 22, ಒಂದು ಮೊಟ್ಟೆಯಲ್ಲಿ 6. ಮುದ್ದೆ ಬಿಡಬೇಕಿಲ್ಲ, ಸಾರಿನಲ್ಲಿ ಕಾಳು ಹೆಚ್ಚಬೇಕು. ದುಬಾರಿ ಪೌಡರ್ ಡಬ್ಬ ಅನಿವಾರ್ಯವಲ್ಲ. ಕಿಡ್ನಿ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ.

ಆದರೆ ಕಾಳು, ಮೊಟ್ಟೆ ಕೊಳ್ಳಲು ಕಾಸು ಬೇಕು. ಪಡಿತರದ ಚರ್ಚೆ ಅಕ್ಕಿ, ರಾಗಿಯ ಕೆಜಿಯಲ್ಲೇ ನಿಂತರೆ, ಶಾಲೆಯ ಮೊಟ್ಟೆಗೆ ಅಡ್ಡಗಾಲು ಹಾಕಿದರೆ, ಕೂಲಿ ಮನೆಯ ಹುಡುಗರಿಗೆ ಈ ವಿಜ್ಞಾನ ಕೈಗೆಟುಕದು. ಪ್ರೋಟೀನ್ ಜಿಮ್ಮಿನ ಮಾತಷ್ಟೇ ಅಲ್ಲ, ಬಜೆಟ್ಟಿನ ಮಾತೂ ಹೌದು.