ನರ್ಸ್ ತಂದಿಟ್ಟ ಟ್ರೇ

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜು ಕವಿದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇನೋ ಎಂಬ ಅನುಮಾನ ಡಚ್ ವಿಮಾನದ ಫ್ಲೈಟ್ ಎಂಜಿನಿಯರನಿಗೆ ಬಂದಿತ್ತು. ಕೇಳಿಯೂ ಕೇಳಿದ. ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದ ಮೇಲೆ ಸುಮ್ಮನಾದ. ಎರಡು ವರ್ಷಗಳ ನಂತರ ನಾಸಾ ನಡೆಸಿದ ಕಾರ್ಯಾಗಾರದಿಂದ, ಪೈಲಟ್‌ಗಳಿಗೆ ತಂಡವಾಗಿ ದುಡಿಯುವುದನ್ನೂ ಕಲಿಸುವ ಪದ್ಧತಿ ಬೆಳೆಯಿತು.

ವೈದ್ಯಶಿಕ್ಷಣದ ಚರಿತ್ರೆಗೆ ವಿಮಾನದ ಕತೆ ಯಾಕೆಂದರೆ, ಸ್ಟ್ಯಾನ್‌ಫರ್ಡ್‌ನ ಅರಿವಳಿಕೆ ತಜ್ಞ ಡೇವಿಡ್ ಗಾಬಾ ಆ ಪದ್ಧತಿಯನ್ನೇ ಆಸ್ಪತ್ರೆಗೆ ತಂದರು. ರೋಗಿಯ ಗೊಂಬೆಗಳು ಮೊದಲೂ ಇದ್ದವು. ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ರೂಪಿಸಿದ ಗೊಂಬೆ 1960ರಿಂದಲೇ ಉಸಿರು ತುಂಬುವುದನ್ನು ಕಲಿಸುತ್ತಿತ್ತು. ಅದು ಕೈಗೆ ಕಲಿಸುವ ಗೊಂಬೆ. ಗಾಬಾ ಕಟ್ಟಿದ್ದು ಇಡೀ ಶಸ್ತ್ರಚಿಕಿತ್ಸಾ ಕೊಠಡಿಯ ನಾಟಕ. ಆಟ ಮುಗಿದ ಮೇಲೆ ವಿಡಿಯೋ ನೋಡುತ್ತ ಚರ್ಚೆ. ನನ್ನ ಮಟ್ಟಿಗೆ ಅದರಲ್ಲೊಂದು ಕೊರತೆಯಿತ್ತು: ಕಲಿಯಲು ಬಂದವರು ಅರಿವಳಿಕೆ ವೈದ್ಯರು, ಉಳಿದ ಪಾತ್ರಗಳನ್ನು ಆಡುತ್ತಿದ್ದವರು ಬೋಧಕರು. ನಾಟಕದ ನರ್ಸ್‌ಗೆ ನಿಜವಾದ ಅಂಜಿಕೆ ಎಲ್ಲಿಂದ ಬರಬೇಕು?

ಆ ಅಂಜಿಕೆಯ ಬೆಲೆ ತಿಳಿದದ್ದು 2005ರಲ್ಲಿ, ಇಂಗ್ಲೆಂಡಿನಲ್ಲಿ. ಸೈನಸ್‌ನ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಹೋದ ಎಲೇನ್ ಬ್ರೊಮಿಲಿಗೆ 37 ವರ್ಷ, ಇಬ್ಬರು ಮಕ್ಕಳು. ಅರಿವಳಿಕೆ ಕೊಟ್ಟ ಮೇಲೆ ಶ್ವಾಸನಾಳಕ್ಕೆ ಕೊಳವೆ ಇಳಿಯಲಿಲ್ಲ. ಅನುಭವಿ ವೈದ್ಯರು ಕೊಳವೆ ಹಾಕಲು ಮತ್ತೆ ಮತ್ತೆ ಯತ್ನಿಸುತ್ತಲೇ ಇದ್ದರು; ಆಮ್ಲಜನಕ ಕುಸಿಯುತ್ತಿತ್ತು. ಒಬ್ಬ ನರ್ಸ್ ಕೊರಳಲ್ಲಿ ರಂಧ್ರ ಮಾಡುವ ಸಲಕರಣೆಯ ಟ್ರೇ ತಂದಿಟ್ಟು, ತಂದಿದ್ದೇನೆ ಎಂದೂ ಹೇಳಿದರು. ಯಾರೂ ಕಿವಿಗೊಡಲಿಲ್ಲ. ಇನ್ನೊಬ್ಬ ನರ್ಸ್ ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕಾದಿರಿಸಿ, ವೈದ್ಯರ ಮುಖಭಾವ ಕಂಡು ಅದನ್ನು ರದ್ದುಮಾಡಿದರು. ಎಲೇನ್ 13 ದಿನಗಳ ನಂತರ ತೀರಿಕೊಂಡರು. ಪತಿ ಮಾರ್ಟಿನ್ ವಿಮಾನದ ಪೈಲಟ್. ತನಿಖೆಯ ವಿವರ ಓದಿದಾಗ ಅವರಿಗೆ ಕಂಡದ್ದು ತಮ್ಮದೇ ವೃತ್ತಿಯ ಹಳೆಯ ಕತೆ.

ಇಂಥ ಮೌನವನ್ನು ಪದವಿ ಮುಗಿದ ಮೇಲೆ ಮುರಿಯುವುದು ಕಷ್ಟ. ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ 1996ರಿಂದಲೇ ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ವಿದ್ಯಾರ್ಥಿಗಳು ಒಟ್ಟಾಗಿ ಒಂದು ವಾರ್ಡ್ ನಡೆಸಿ ಕಲಿಯುತ್ತಿದ್ದರು. ಇಂದಿನ ಅಣಕು ತುರ್ತುಗಳಲ್ಲೂ ಅದೇ ಬೆರಕೆ. ನಾಯಕ ಯಾರೆಂದು ಗಟ್ಟಿಯಾಗಿ ಹೇಳಬೇಕು, ಕೇಳಿದ ಔಷಧದ ಪ್ರಮಾಣವನ್ನು ಮರಳಿ ಉಚ್ಚರಿಸಬೇಕು. ಕೆಲವೊಮ್ಮೆ ಬೋಧಕರು ಬೇಕೆಂದೇ ತಪ್ಪು ಆದೇಶ ಕೊಟ್ಟು ಕಾಯುತ್ತಾರೆ, ಯಾರು ತಡೆಯುತ್ತಾರೋ ನೋಡೋಣವೆಂದು.

ನಮ್ಮಲ್ಲಿ 2019ರ ಎಂಬಿಬಿಎಸ್ ಪಠ್ಯಕ್ರಮದಿಂದ ಸಂವಹನವೂ ಪಾಠವಾಗಿದೆ. ಆದರೆ ಎಂಬಿಬಿಎಸ್ ಪಠ್ಯ ರೂಪಿಸುವ ಸಂಸ್ಥೆಯೇ ಬೇರೆ, ನರ್ಸಿಂಗ್ ಪಠ್ಯದ್ದೇ ಬೇರೆ. ಇಬ್ಬರನ್ನೂ ಒಂದೇ ಗೊಂಬೆಯ ಸುತ್ತ ನಿಲ್ಲಿಸಲು ಮೊದಲು ಎರಡು ವೇಳಾಪಟ್ಟಿಗಳನ್ನು ಹೊಂದಿಸಬೇಕು.