ಗಡಿನಾಡಿನ ವಿದ್ಯಾರ್ಥಿಯೂ ಇಂಗ್ಲೀಷ ವಾಕ್ಯದ ಬೆಸುಗೆಯೂ

ಎರಡು ವಾಕ್ಯಗಳನ್ನು ಕೂಡಿಸುವ ಪದವು ಗಾತ್ರದಲ್ಲಿ ಅಲ್ಪವಾದರೂ ಶಾಸ್ತ್ರೀಯ ಬರವಣಿಗೆಯಲ್ಲಿ ಅದರ ಹೊಣೆ ದೊಡ್ಡದು. ಕಾರಣವಾವುದು, ಫಲವಾವುದು, ವಿರೋಧವೆಲ್ಲಿ, ಒಪ್ಪಿಗೆಯೆಲ್ಲಿ ಎಂಬುದನ್ನು ಓದುಗನಿಗೆ ತಿಳಿಸತಕ್ಕುದು ಅದೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯ ಕನ್ನಡ ವಿದ್ಯಾರ್ಥಿಯು ಇಂಗ್ಲೀಷಿನಲ್ಲಿ ಪ್ರಬಂಧ ಬರೆಯಲು ತೊಡಗಿದಾಗ ಅವನನ್ನು ಬಹುವಾಗಿ ತೊಡಕಿಸಿದುದೂ ಈ ಚಿಕ್ಕ ಪದವೇ.

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾದ ಬಳಿಕ ಉಚ್ಚ ಶಿಕ್ಷಣದ ಬಾಗಿಲು ಇಂಗ್ಲೀಷಿನದಾಯಿತು. ಚಿಕ್ಕೋಡಿ ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗವು 1949ರ ವಿಲೀನದವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿಯೂ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು 1933ರಲ್ಲಿಯೂ ಹುಟ್ಟಿದವು. ಅದಕ್ಕೆ ಮುಂಚೆ ಈ ಭಾಗದ ವಿದ್ಯಾರ್ಥಿಗೆ ಕೊಲ್ಲಾಪುರ, ಪುಣೆಗಳಂಥ ಊರುಗಳೇ ಗತಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಉತ್ತರಪತ್ರಿಕೆಯಲ್ಲಿ ಇಂಗ್ಲೀಷು: ಹೀಗೆ ಅವನ ವಿದ್ಯೆಯು ಮೂರು ಭಾಷೆಗಳ ನಡುವೆ ಸಾಗಿತು.

ಈ ಮೂರರಲ್ಲಿ ಮೊದಲಿನ ಎರಡು ಬಹುಕಾಲದ ನೆರೆಯಿಂದ ಒಂದಕ್ಕೊಂದು ಹೊಂದಿಕೊಂಡಿದ್ದವು. ಕಾಗವಾಡಕ್ಕೆ ಬಹು ದೂರವಲ್ಲದ, ಸಾಂಗಲಿಯ ಬಳಿಯ ಕುಪವಾಡದ ಮಾತನ್ನು ಪರೀಕ್ಷಿಸಿದ ಗಂಪರ್ಜ್ ಮತ್ತು ವಿಲ್ಸನ್ ಎಂಬ ಪಂಡಿತರು, ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ವಾಕ್ಯಗಳು ಪದಕ್ಕೆ ಪದ ಸರಿಹೊಂದುವಷ್ಟು ಸಮೀಪಿಸಿವೆಯೆಂದು 1971ರಲ್ಲಿ ತೋರಿಸಿದರು. ಕನ್ನಡದ ‘ಎಂದು’ ಎಂಬುದು ‘ಎನ್’ ಧಾತುವಿನಿಂದ ಬಂದಂತೆ, ಮರಾಠಿಯ ‘ಮ್ಹಣೂನ’ ಎಂಬುದೂ ‘ಹೇಳು’ ಎಂಬರ್ಥದ ಧಾತುವಿನಿಂದಲೇ ಬಂದಿದೆ. ಆದುದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬಾಲಕನು ಪದವನ್ನು ಬದಲಿಸಿದರೆ ಸಾಕು. ವಾಕ್ಯದ ಕಟ್ಟನ್ನು ಬಿಚ್ಚಬೇಕಾಗಿಲ್ಲ.

ಇಂಗ್ಲೀಷು ಈ ಉಪಾಯಕ್ಕೆ ಒಗ್ಗುವುದಲ್ಲ. ‘ಹೊಳೆ ತುಂಬಿದುದರಿಂದ ನಾವೆ ನಿಂತಿತು’, ‘ಹೊಳೆ ತುಂಬಿದರೂ ನಾವೆ ಸಾಗಿತು’ ಎಂಬಲ್ಲಿ ಕಾರಣವೂ ವಿರೋಧವೂ ಕ್ರಿಯಾಪದದ ತುದಿಯಲ್ಲಿಯೇ ಅಡಗಿವೆ. ಇಂಗ್ಲೀಷಿನಲ್ಲಿಯಾದರೋ ‘ಬಿಕಾಜ್’, ‘ದೋ’ ಎಂಬ ಬಿಡಿಪದಗಳು ಉಪವಾಕ್ಯದ ತಲೆಯಲ್ಲಿ ನಿಲ್ಲಬೇಕು. ‘ಬಂದು, ನೋಡಿ, ಕೇಳಿ, ತಿಳಿದು’ ಎಂದು ಸಾಗುವ ಕನ್ನಡದ ಸರಣಿಯನ್ನು ಹಾಗೆಯೇ ಇಳಿಸಿದರೆ ‘ಅಂಡ್’ ಎಂಬುದರ ಮಾಲೆಯಾಗುತ್ತದೆ. ಮರಾಠಿಯ ‘ಜರೀ’ ‘ತರೀ’ಗಳ ಜೋಡಿಯನ್ನು ನೆನೆದು ಬರೆದರೆ ‘ದೋ’ ಎಂದು ತೊಡಗಿದ ವಾಕ್ಯದ ನಡುವೆ ‘ಬಟ್’ ಎಂಬುದೂ ಬಂದು ಕೂಡುತ್ತದೆ. ಇದು ಅಜ್ಞಾನದ ಫಲವೆನ್ನುವುದಕ್ಕಿಂತ ಎರಡು ಭಾಷೆಗಳ ಬಲವಾದ ಸಂಸ್ಕಾರದ ಫಲವೆನ್ನುವುದು ಯುಕ್ತ.

ಹಿಂದೂಸ್ಥಾನದ ಶಾಲೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ನೆಸ್‌ಫೀಲ್ಡರ ವ್ಯಾಕರಣವು ಉಭಯಾನ್ವಯಿ ಅವ್ಯಯಗಳನ್ನು ಸಮುಚ್ಚಯ, ವಿಕಲ್ಪ, ವಿರೋಧ, ಅನುಮಾನ ಎಂದು ವಿಂಗಡಿಸಿ ಕೊಟ್ಟಿತ್ತು. ಪಟ್ಟಿಯು ಉಪಯುಕ್ತವೇ. ಆದರೆ ‘ದೇರ್‌ಫೋರ್’ ಎಂಬುದನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಅದರ ಹಿಂದೆ ಇರಬೇಕಾದ ಹೇತುವು ದೊರೆಯಲಾರದು.

ಆ ಹೇತುವನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಈ ಸೀಮೆಯವರೇ ಆದ ಡಾ. ಆ. ನೇ. ಉಪಾಧ್ಯೆಯವರು ನಿದರ್ಶನ. 1906ರಲ್ಲಿ ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಜನಿಸಿದ ಅವರು 1930ರಲ್ಲಿ ಎಂ. ಎ. ಪದವಿ ಪಡೆದು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಸಂಪಾದಿಸಿ, ಅದಕ್ಕೆ ಇಂಗ್ಲೀಷಿನಲ್ಲಿ ದೀರ್ಘವಾದ ಪೀಠಿಕೆಯನ್ನು ಬರೆದರು. ಆಚಾರ್ಯರ ಕಾಲವನ್ನು ನಿರ್ಣಯಿಸುವಲ್ಲಿ ಅವರು ಪರಂಪರೆಯ ಮಾತನ್ನೂ ಹಿಂದಿನ ವಿದ್ವಾಂಸರ ಮತಗಳನ್ನೂ ಒಂದೊಂದಾಗಿ ಎದುರಿಗಿಟ್ಟು ತೂಗಿ, ಕ್ರಿಸ್ತಶಕದ ಆರಂಭಕಾಲದತ್ತ ತಮ್ಮ ಒಲವನ್ನು ಎಚ್ಚರಿಕೆಯಿಂದ ಸೂಚಿಸಿದರು. ಇಂಥ ವಿಚಾರಸರಣಿಯಲ್ಲಿ ‘ಆದರೆ’ ಎಂಬುದಕ್ಕೆ ಎದುರಾಳಿಯ ಮತವೂ ‘ಆದುದರಿಂದ’ ಎಂಬುದಕ್ಕೆ ಪ್ರಮಾಣವೂ ಮೊದಲೇ ಸಿದ್ಧವಾಗಿರುತ್ತವೆ. ಪದವು ಬಂದು ಮುದ್ರೆಯೊತ್ತುವುದಷ್ಟೇ ಉಳಿಯುತ್ತದೆ. ಇಂಗ್ಲೀಷಿನಲ್ಲಿ ಇಷ್ಟು ದುಡಿದ ಇವರೇ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೂ ಅಲಂಕರಿಸಿದರು.

ಈ ತೊಡಕು ಗಡಿನಾಡಿಗೆ ಮಾತ್ರ ಸೇರಿದ್ದಲ್ಲ. ಫ್ರೆಂಚ್ ಮಾತೃಭಾಷೆಯ ವಿದ್ಯಾರ್ಥಿಗಳ ಇಂಗ್ಲೀಷ ಪ್ರಬಂಧಗಳನ್ನು ಪರೀಕ್ಷಿಸಿದ ಗ್ರೇಂಜರ್ ಮತ್ತು ಟೈಸನ್ ಎಂಬವರು 1996ರಲ್ಲಿ ಒಂದು ಮಾತನ್ನು ಮುಂದಿಟ್ಟರು: ಮಾತಿಗೆ ಮಾತು ಸೇರಿಸುವ ಹಾಗೂ ಒತ್ತುಕೊಡುವ ಪದಗಳು ಅವರಲ್ಲಿ ಮಿಗಿಲು, ವಿರೋಧವನ್ನು ತೋರಿಸುವ, ವಾದವನ್ನು ಮುಂದಕ್ಕೊಯ್ಯುವ ಪದಗಳು ಕಡಿಮೆ. ಸೇರಿಸುವುದು ಸುಲಭ, ತೂಗುವುದು ಕಷ್ಟ ಎಂಬುದೇ ಇದರ ತಾತ್ಪರ್ಯ.

ಆದುದರಿಂದ ಈ ಐದು ಊರುಗಳ ಶಾಲೆಗಳಲ್ಲಿ ಇಂಗ್ಲೀಷ ಪ್ರಬಂಧವನ್ನು ಕಲಿಸುವವರು ಅವ್ಯಯಗಳ ಪಟ್ಟಿಯನ್ನು ಕೊಡುವ ಮೊದಲು, ಒಂದು ವಾದವನ್ನು ಕನ್ನಡದಲ್ಲಿಯೇ ಬಿಡಿಸಿ ಕಟ್ಟಿಸುವುದು ಲೇಸು. ‘ತುಂಬಿದುದರಿಂದ’ ಎಂಬುದಕ್ಕೂ ‘ತುಂಬಿದರೂ’ ಎಂಬುದಕ್ಕೂ ಇರುವ ಅಂತರವನ್ನು ತನ್ನ ತಾಯ್ನುಡಿಯಲ್ಲಿ ಕಂಡುಕೊಂಡ ಹುಡುಗನಿಗೆ ಪರಭಾಷೆಯ ಪದವು ಬರಿಯ ಅಲಂಕಾರವಾಗಿ ಉಳಿಯಲಾರದು.