ಕರ್ಣ 65, ಆಯತ ನಾಲ್ಕು

ಬೊರಿವಲಿಯ ಕಾನ್ಹೇರಿ ಗುಹೆಗಳನ್ನು ನೋಡದ ಮುಂಬಯಿ ಕನ್ನಡಿಗರು ಕಡಿಮೆ. ಊರಿನಿಂದ ಬಂದ ನೆಂಟರನ್ನು ನಾವೇ ಅಲ್ಲಿಗೆ ಕರೆದೊಯ್ಯುತ್ತೇವೆ. ಬುದ್ಧನ ದೊಡ್ಡ ಮೂರ್ತಿಗಳ ಮುಂದೆ ನಿಂತು, ಮಂಗಗಳಿಂದ ಬುತ್ತಿಯನ್ನು ಕಾಪಾಡಿಕೊಂಡು ಇಳಿದು ಬರುತ್ತೇವೆ. ಆದರೆ ಅಲ್ಲಿಯ ಕಲ್ಲಿನಲ್ಲಿ ನಮ್ಮ ನಾಡಿನ ಅರಸನೊಬ್ಬನ ಹೆಸರು ಕೊರೆದಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮೂರು ಶಾಸನಗಳು ಅಲ್ಲಿವೆ. ಮೊದಲನೆಯದು ಶಕ 765ರದು, ಅಂದರೆ ಕ್ರಿ.ಶ. 843; ಕೊನೆಯದು ಶಕ 799, ಕ್ರಿ.ಶ. 877. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿಯೂ ಅವನ ಮಗ ಕಪರ್ದಿಯೂ ಅಮೋಘವರ್ಷನ ಸಾಮಂತರು. ಆದುದರಿಂದ ಬೌದ್ಧ ವಿಹಾರಕ್ಕೆ ಕೊಟ್ಟ ದಾನದ ಬರಹದಲ್ಲಿಯೂ ಮಾನ್ಯಖೇಟದ ಚಕ್ರವರ್ತಿಯ ಹೆಸರು ಬಂದಿದೆ.

ಈ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಕವಿರಾಜಮಾರ್ಗ ಹುಟ್ಟಿತೆಂಬುದು ರಾಜ್ಯೋತ್ಸವದ ಭಾಷಣಗಳನ್ನು ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿದೆ. ಅದೇ ಅರಸನನ್ನು ಆರಂಭದಲ್ಲಿ ಹೊಗಳಿ ಬರೆದ ಇನ್ನೊಂದು ಗ್ರಂಥದ ಮಾತು ಮಾತ್ರ ವೇದಿಕೆಯ ಮೇಲೆ ಬರುವುದು ಅಪರೂಪ. ಅದು ಕ್ರಿ.ಶ. 850ರ ಸುಮಾರಿಗೆ ಜೈನ ಪಂಡಿತ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹ. ಲೆಕ್ಕವೆಂದರೆ ಸಭಿಕರು ಎದ್ದು ಹೋದಾರೆಂಬ ಹೆದರಿಕೆಯೋ ಏನೋ! ವಾಚಕರು ಸ್ವಲ್ಪ ತಾಳ್ಮೆ ವಹಿಸಿದರೆ ಅದರ ಒಂದು ಲೆಕ್ಕವನ್ನು ಇಲ್ಲಿ ಬಿಡಿಸಿ ತೋರಿಸುತ್ತೇವೆ.

ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಎರಡು ಮೂಲೆಮಟ್ಟಗಳಿರುತ್ತವೆ. ಒಂದರ ಕೋನಗಳು 45, 45, 90 ಅಂಶ. ಅದರ ಸಮನಾದ ಬದಿಗಳು ಒಂದೊಂದು ಗೇಣಾದರೆ ಓರೆಯ ಬದಿ 2ರ ವರ್ಗಮೂಲ. ಇನ್ನೊಂದರ ಕೋನಗಳು 30, 60, 90. ಅದರ ಬದಿಗಳು 1, 3ರ ವರ್ಗಮೂಲ ಮತ್ತು 2. ಎರಡರಲ್ಲಿಯೂ ಒಂದು ಬದಿ ಶೇಷ ಉಳಿಸಿಯೇ ತೀರುತ್ತದೆ. ಯಜ್ಞವೇದಿಗಳನ್ನು ಅಳೆದ ಬೌಧಾಯನ ಶುಲ್ಬಸೂತ್ರದವರು 2ರ ವರ್ಗಮೂಲವನ್ನು 577/408 ಎಂದು ಹಿಡಿದರು. ದಶಾಂಶದ ಐದು ಸ್ಥಾನಗಳವರೆಗೆ ಅದು ಸರಿಯಾಗಿದೆ. ಆದರೂ ಅದು ಸಮೀಪದ ಬೆಲೆಯೇ. ಗೋಡೆಯ ಮೂಲೆ ಹಿಡಿಯುವ ಗವಂಡಿಗೆ ಈ ತೊಡಕೇ ಬೇಡ. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಓರೆಯ ಅಳತೆ 5 ಅಡಿ ಬಂದರೆ ಮೂಲೆ ನೆಟ್ಟಗಿದೆಯೆನ್ನುತ್ತಾನೆ.

ಹೀಗೆ ಶೇಷವೇ ಉಳಿಯದ ತ್ರಿಕೋನಗಳನ್ನು ಬೇಕಾದಷ್ಟು ಹುಟ್ಟಿಸುವ ಬಗೆಯನ್ನು ಮಹಾವೀರಾಚಾರ್ಯ ಹೇಳುತ್ತಾನೆ. ಅವನು ಇಟ್ಟ ಹೆಸರುಗಳೇ ಸೊಗಸು. ಎರಡು ಸಂಖ್ಯೆಗಳು ‘ಬೀಜ’. ಅವುಗಳಿಂದ ಹುಟ್ಟಿದ ಆಕೃತಿ ‘ಜನ್ಯ’. ಬೀಜಗಳ ವರ್ಗಗಳ ವ್ಯತ್ಯಾಸ ಕೋಟಿ. ಅವುಗಳ ಗುಣಲಬ್ಧದ ಎರಡು ಪಟ್ಟು ಬಾಹು. ವರ್ಗಗಳ ಮೊತ್ತ ಕರ್ಣ. ಬೀಜಗಳು 2 ಮತ್ತು 1 ಎಂದಿಟ್ಟುಕೊಳ್ಳಿ: 3, 4, 5 ಬಂತು. 3 ಮತ್ತು 2 ಎಂದರೆ 5, 12, 13.

ಇಲ್ಲಿಗೆ ನಿಂತಿದ್ದರೆ ವಿಶೇಷವೇನೂ ಇರಲಿಲ್ಲ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಇಂತಹ ಲೆಕ್ಕಗಳನ್ನು ಮಾಡಿದ್ದ. ಗ್ರೀಕರ ಯೂಕ್ಲಿಡನಿಗೂ ಇದು ಗೊತ್ತಿತ್ತು. ಬ್ಯಾಬಿಲೋನಿನ ಸುಮಾರು 3,800 ವರ್ಷ ಹಿಂದಿನ ಮಣ್ಣಿನ ಹಲಗೆಯೊಂದರಲ್ಲಿ ಇಂತಹ 15 ತ್ರಿಕೋನಗಳ ಅಂಕಿಗಳಿವೆ. ಎಲ್ಲವನ್ನೂ ಮೊದಲು ಕಂಡವರು ನಮ್ಮವರೇ ಎಂದು ಎದೆ ತಟ್ಟಿಕೊಳ್ಳುವುದು ನಮಗೆ ಸರಿಕಾಣದು. ಮಹಾವೀರಾಚಾರ್ಯನ ಹೆಚ್ಚುಗಾರಿಕೆ ಅವನು ಪ್ರಶ್ನೆಯನ್ನು ತಿರುಗಿಸಿ ಕೇಳಿದ್ದರಲ್ಲಿದೆ. ನಾಲ್ಕು ಆಯತಗಳು, ಪ್ರತಿಯೊಂದರ ಕರ್ಣವೂ 65, ಬದಿಗಳು ಎಷ್ಟೆಷ್ಟು?

ಅವನ ದಾರಿ ಸರಳ. ಯಾವುದಾದರೂ ಜನ್ಯವನ್ನು ತೆಗೆದುಕೊಂಡು, ಕೊಟ್ಟ ಕರ್ಣವನ್ನು ಅದರ ಕರ್ಣದಿಂದ ಭಾಗಿಸಿ, ಬಂದ ಫಲದಿಂದ ಬದಿಗಳನ್ನು ಗುಣಿಸುವುದು. 65ನ್ನು 5ರಿಂದ ಭಾಗಿಸಿದರೆ 13; 3-4-5ರಿಂದ 39 ಮತ್ತು 52 ದೊರೆಯುತ್ತವೆ. 13ರಿಂದ ಭಾಗಿಸಿದರೆ 5. ಆಗ 25 ಮತ್ತು 60. ಉಳಿದೆರಡಕ್ಕೆ ಬೀಜವನ್ನೇ ಹುಡುಕಬೇಕು: 8 ಮತ್ತು 1 ಬಿತ್ತಿದರೆ 63, 16; 7 ಮತ್ತು 4 ಬಿತ್ತಿದರೆ 33, 56. ಐದನೆಯ ಜೋಡಿ ಪೂರ್ಣಾಂಕಗಳಲ್ಲಿ ಸಿಗುವುದಿಲ್ಲ. ನಾಲ್ಕು ಜೋಡಿಗಳಿರುವ ಅತಿ ಚಿಕ್ಕ ಕರ್ಣವೇ 65. ಸುಮ್ಮನೆ ಕೈಗೆ ಬಂದ ಅಂಕಿಯನ್ನು ಆ ಪಂಡಿತ ಆರಿಸಿದನೆಂದು ನಮಗೆ ತೋರುವುದಿಲ್ಲ.

ಈ ಗ್ರಂಥ ಉಳಿದು ಬಂದುದರಲ್ಲಿ ನಮ್ಮ ಮೂಡುಬಿದಿರೆಯ ಪಾಲೂ ಇದೆ. ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಇದನ್ನು ಅಚ್ಚು ಹಾಕಿಸಿದಾಗ ನೋಡಿದ ಪ್ರತಿಗಳಲ್ಲಿ ಅಲ್ಲಿಯ ಕನ್ನಡ ಲಿಪಿಯ ತಾಡವೋಲೆಯ ಪಾಠವೂ ಇತ್ತು. ಕನ್ನಡ ಅನುವಾದ ಪುಸ್ತಕವಾಗಿ ಕೈಗೆ ಬರಲು 2000ನೆಯ ಇಸವಿಯವರೆಗೆ ಕಾಯಬೇಕಾಯಿತು. ಪದ್ಮಾವತಮ್ಮನವರ ಆ ಅನುವಾದವನ್ನು ಹೊಂಬುಜ ಜೈನಮಠ ಪ್ರಕಟಿಸಿತು. ಹಾಗೆಂದು ಕನ್ನಡದಲ್ಲಿ ಗಣಿತವೇ ಇರಲಿಲ್ಲವೆಂದಲ್ಲ. 12ನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿಯೇ ಬರೆದ.

ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಇದೇ ತ್ರಿಕೋನಗಳನ್ನು ಕನ್ನಡದಲ್ಲಿ ಕಲಿತ ಹಿರಿಯರು ನಮ್ಮ ಸಂಘಗಳಲ್ಲಿದ್ದಾರೆ. ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದಿವೆ. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗಳಿಗೆ ಅಜ್ಜ ‘ಕರ್ಣ’ ಎಂದರೆ ಅವಳಿಗೆ ಮಹಾಭಾರತ ನೆನಪಾಗುತ್ತದೆ. ಪಕ್ಕದ ಮನೆಯ ಮರಾಠಿ ಶಾಲೆಯ ಹುಡುಗನಿಗೆ ಆ ಮಾತು ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಅವನ ಪುಸ್ತಕದಲ್ಲಿ ಅದು ಇಂದಿಗೂ ‘ಕರ್ಣ’. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ತ್ರಿಕೋನದ ಆ ಬದಿ ‘ವಿಕರ್ಣ’ವಾಗಿದೆ. ನೃಪತುಂಗನ ಕಾಲದ ಪಂಡಿತ ಬರೆದ ಪದವನ್ನು ಹೀಗೆ ನಮ್ಮ ನೆರೆಮನೆಯವರೇ ಕಾದಿಟ್ಟುಕೊಂಡಿದ್ದಾರೆ.